ಮಳೆಗಾಲದಲ್ಲಿ ಮಂಗಳೂರಿನ ಮನೆಯಲ್ಲಿ ಸರ್ಕಿಟ್ ಬೋರ್ಡ್ ತಯಾರಿಸಬಹುದೇ? ಅರ್ಧಕ್ಕೆ ನಿಂತಿರುವ ಬೋರ್ಡುಗಳನ್ನು ಏನು ಮಾಡಲಿ?

ಧಾರಾಳವಾಗಿ ತಯಾರಿಸಬಹುದು. ನಮ್ಮಲ್ಲಿ ಕಾಟ ಕೊಡುವುದು ತೇವ ಮತ್ತು ಉಪ್ಪುಗಾಳಿ. ಉಜ್ಜಿ ಹೊಳಪು ಬರಿಸಿದ ತಾಮ್ರ ಬೇಗ ಮಂಕಾಗುತ್ತದೆ. ಮಂಕಾದ ಮೇಲೆ ಟೋನರ್ (ಲೇಸರ್ ಪ್ರಿಂಟರಿನ ಪುಡಿಶಾಯಿ) ಸರಿಯಾಗಿ ಹಿಡಿಯುವುದಿಲ್ಲ. ಹಾಗಾಗಿ ಲೇಸರ್ ಪ್ರಿಂಟರಿನಲ್ಲಿ ಸರ್ಕಿಟ್ಟಿನ ನಕ್ಷೆ ಮುದ್ರಿಸಿ, ಇಸ್ತ್ರಿಪೆಟ್ಟಿಗೆ ಕಾದ ಮೇಲೆಯೇ ತಾಮ್ರವನ್ನು ಉಜ್ಜಿ, ಬೆರಳು ತಾಗಿಸದೆ ಮುದ್ರಿತ ಕಾಗದವನ್ನು ಅದರ ಮೇಲೆ ಮಗುಚಿಟ್ಟು ಕೂಡಲೇ ಇಸ್ತ್ರಿಪೆಟ್ಟಿಗೆಯಿಂದ ಒತ್ತಿ.

ಕೈಗವಸು, ಕನ್ನಡಕ ಧರಿಸಿ, ತಾಮ್ರ ಕರಗಿಸುವ ಫೆರಿಕ್ ಕ್ಲೋರೈಡ್ ದ್ರಾವಣವನ್ನು ಪ್ಲಾಸ್ಟಿಕ್ ತಟ್ಟೆಗೆ ಹಾಕಿ, ಕಾಗದ ಬಿಡಿಸಿದ ಬೋರ್ಡನ್ನು ಅದರಲ್ಲಿ ಮುಳುಗಿಸಿ. ಲೋಹದ ಪಾತ್ರೆ ಬೇಡವೇ ಬೇಡ. ತಟ್ಟೆಯನ್ನು ಬಿಸಿನೀರಿನಲ್ಲಿ ಕೂರಿಸಿ ಸುಮಾರು 40 ಡಿಗ್ರಿಗೆ ಬೆಚ್ಚಗಾಗಿಸಿ ಅಲುಗಾಡಿಸುತ್ತಿದ್ದರೆ, ಸಾಮಾನ್ಯ ಬೋರ್ಡಿನಲ್ಲಿ ಟೋನರ್ ಮುಚ್ಚದ ಕಡೆಯ 35 ಮೈಕ್ರಾನ್ ದಪ್ಪದ ತಾಮ್ರ ಬೇಗ ಕರಗುತ್ತದೆ.

ಬಳಸಿದ ದ್ರಾವಣವನ್ನು ದಯವಿಟ್ಟು ಹಿತ್ತಲಿಗೆ ಚೆಲ್ಲಬೇಡಿ. ಅದರಲ್ಲಿ ಕರಗಿದ ತಾಮ್ರವಿರುತ್ತದೆ, ನೀರು ಇಂಗುವ ನಮ್ಮ ಮುರಕಲ್ಲಿನ ನೆಲ ಅದನ್ನು ಬಾವಿಗೆ ಇಳಿಸಿಬಿಡಬಹುದು. ಪ್ಲಾಸ್ಟಿಕ್ ಕ್ಯಾನಿನಲ್ಲಿ ತುಂಬಿ, ಮೇಲೆ ದ್ರಾವಣದ ಹೆಸರು ಬರೆದಿಟ್ಟು, ರಾಸಾಯನಿಕ ತ್ಯಾಜ್ಯ ಸ್ವೀಕರಿಸುವವರಿಗೇ ಕೊಡಿ.

ಅರ್ಧಕ್ಕೆ ನಿಂತವುಗಳಲ್ಲಿ ತಾಮ್ರ ತೆರೆದುಕೊಂಡಿರುವ ಬೋರ್ಡನ್ನೇ ಮೊದಲು ಮುಗಿಸಿ. ಹೊಸದನ್ನು ಆಮೇಲೆ ನೋಡೋಣ. ಈಗ ಆಗದಿದ್ದರೆ ಸ್ಪಿರಿಟ್ಟಿನಲ್ಲಿ ಕರಗಿಸಿದ ರೋಸಿನ್ (ಬೆಸುಗೆಗೆ ಬಳಸುವ ರಾಳ) ಬಳಿದು ಒಣಗಿಸಿ, ಬಿಡಿಭಾಗಗಳು, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಮತ್ತು ಮುಂದೆ ಮಾಡಬೇಕಾದ ಕೆಲಸದ ಚೀಟಿಯ ಸಮೇತ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಆಟಿ (ತುಳುನಾಡಿನ ಜಡಿಮಳೆಯ ತಿಂಗಳು) ಕಳೆದ ಮೇಲೆ ತೆಗೆದರೂ ಬೆಸುಗೆ ಹಿಡಿಯುತ್ತದೆ.