ಹತ್ತು ವರ್ಷದ ಡೀಸೆಲ್ ಪಿಕಪ್ಪನ್ನು ಇಟ್ಟುಕೊಳ್ಳಬೇಕೇ, ಹೊಸದನ್ನು ಕೊಳ್ಳಬೇಕೇ?

ಚಾಸಿ, ಅಂದರೆ ಗಾಡಿಯ ಅಡಿಯ ಉಕ್ಕಿನ ಚೌಕಟ್ಟು, ಗಟ್ಟಿಯಾಗಿದ್ದು, ವರ್ಷದ ದುರಸ್ತಿ ವೆಚ್ಚವು ಹೊಸ ಗಾಡಿಯ ವರ್ಷದ ಸಾಲದ ಕಂತುಗಳಿಗಿಂತ ಸ್ಪಷ್ಟವಾಗಿ ಕಡಿಮೆಯಿದ್ದರೆ, ಹಳೆಯದನ್ನೇ ಇಟ್ಟುಕೊಳ್ಳಿ. ವಾಹನದ ಬೆಲೆ ಅತಿ ವೇಗವಾಗಿ ಕುಸಿಯುವುದು ಮೊದಲ ಕೆಲವು ವರ್ಷಗಳಲ್ಲಿ. ನಿಮ್ಮ ಗಾಡಿಯಲ್ಲಿ ಆ ನಷ್ಟ ಈಗಾಗಲೇ ಕಳೆದುಹೋಗಿದೆ, ಹೊಸದನ್ನು ಕೊಂಡರೆ ಅದನ್ನು ಮೊದಲಿನಿಂದ ಹೊರಬೇಕಾಗುತ್ತದೆ. ಕ್ಲಚ್, ಇಂಜೆಕ್ಟರ್, ಸ್ಪ್ರಿಂಗ್ ಪಟ್ಟಿಗಳನ್ನು ಬದಲಾಯಿಸಬಹುದು. ಆದರೆ ಹಿಂದಿನ ಸ್ಪ್ರಿಂಗ್ ಕೂರುವ ಜಾಗದಲ್ಲಿ ಚಾಸಿಯನ್ನು ಸುತ್ತಿಗೆಯಿಂದ ತಟ್ಟಿದಾಗ ತುಕ್ಕು ಪದರಪದರವಾಗಿ ಉದುರಿದರೆ, ಆ ಗಾಡಿಗೆ ಇನ್ನು ಹಣ ಸುರಿಯಬಾರದು. ಕರಾವಳಿಯವರು ಇದನ್ನೇ ಮೊದಲು ನೋಡಬೇಕು.

ಬಾಡಿಗೆಗೆ ಓಡಿಸುವವರು, ಗಾಡಿ ಗ್ಯಾರೇಜಿನಲ್ಲಿ ನಿಂತ ದಿನಗಳಲ್ಲಿ ತಪ್ಪಿದ ಸಂಪಾದನೆಯನ್ನೂ ದುರಸ್ತಿಯ ಲೆಕ್ಕಕ್ಕೆ ಸೇರಿಸಬೇಕು. 8 ವರ್ಷ ದಾಟಿದ ಸರಕು ವಾಹನದ ಫಿಟ್‌ನೆಸ್ ಪ್ರಮಾಣಪತ್ರವನ್ನು ಪ್ರತಿ ವರ್ಷ ನವೀಕರಿಸಬೇಕೆಂಬುದೂ ನೆನಪಿರಲಿ.

2020ರ ಏಪ್ರಿಲ್ ನಂತರದ ಬಿಎಸ್-6 (ಹೊಗೆ ಮಾಲಿನ್ಯ ಮಿತಿಯ ಮಾನದಂಡ) ಡೀಸೆಲ್ ಪಿಕಪ್ಪುಗಳಲ್ಲಿ ಸಾಮಾನ್ಯವಾಗಿ ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಶೋಧಕವಿರುತ್ತದೆ. ಹೊಗೆ ಚೆನ್ನಾಗಿ ಕಾದಾಗ ಮಾತ್ರ ಆ ಮಸಿ ಸುಟ್ಟುಹೋಗುವುದರಿಂದ, ತೋಟದಿಂದ ಸಂತೆಗೆ ನಾಲ್ಕಾರು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ ಶೋಧಕ ಬೇಗ ಕಟ್ಟಿಕೊಳ್ಳುತ್ತದೆ. ಅಂಥ ಓಡಾಟದವರು ಹೊಸದನ್ನು ಕೊಳ್ಳಲೇಬೇಕಾದರೆ ಪೆಟ್ರೋಲ್ ಅಥವಾ ಸಿಎನ್‌ಜಿ ಮಾದರಿಯನ್ನು ಪರಿಶೀಲಿಸುವುದು ಒಳಿತು.