ರಾಜಿ ಮಾಡಿಕೊಂಡರೆ ಮೋಸವೇ?

ಚುನಾವಣೆಯಲ್ಲಿ ಬೈದಾಡಿಕೊಂಡ ಪಕ್ಷಗಳು ಆಮೇಲೆ ಕೈ ಜೋಡಿಸಿದರೆ ಮತ ಹಾಕಿದವರಿಗೆ ಮೋಸ ಅಲ್ವಾ ಎಂದು ಕೇಳಿದ್ದೀರಿ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಎಲ್ಲ ರಾಜಿಯೂ ಮೋಸವಲ್ಲ.

ಬ್ರಿಟನ್‌ನಲ್ಲಿ 2010ರಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಲಿಬರಲ್ ಡೆಮಾಕ್ರಾಟರು ಕನ್ಸರ್ವೇಟಿವ್ ಪಕ್ಷದ ಜೊತೆ ಸರ್ಕಾರ ಸೇರಿದರು. ನನ್ನ ಪ್ರಕಾರ ಅದು ತಪ್ಪಲ್ಲ. ಎಡವಿದ್ದು ಬೇರೆ ಕಡೆ. ವಿಶ್ವವಿದ್ಯಾಲಯದ ಶುಲ್ಕ ಏರಿಸುವುದರ ವಿರುದ್ಧ ಮತ ಹಾಕುತ್ತೇವೆ ಎಂದು ಅವರ ಅಭ್ಯರ್ಥಿಗಳು ಸಹಿ ಹಾಕಿದ್ದರು. ಸಹಿ ಮಾಡಿದ ಹಾಳೆ ಹಿಡಿದು ಫೋಟೊ ಕೂಡ ತೆಗೆಸಿಕೊಂಡಿದ್ದರು. ಅದೇ ಡಿಸೆಂಬರ್‌ನಲ್ಲಿ ವರ್ಷದ ಶುಲ್ಕದ ಮಿತಿಯನ್ನು 9,000 ಪೌಂಡಿಗೆ ಏರಿಸಲು ಅವರಲ್ಲೇ ಹಲವರು ಮತ ಹಾಕಿದರು. 2015ರಲ್ಲಿ ಅವರ 57 ಸೀಟು 8ಕ್ಕೆ ಇಳಿಯಿತು. ಅದೊಂದೇ ಕಾರಣ ಅಂತಲ್ಲ, ಆದರೆ ಆ ಫೋಟೊವನ್ನು ಜನ ಮರೆಯಲಿಲ್ಲ.

ಹಾಗಂತ ಸುಮ್ನೆ ಪಟ್ಟು ಹಿಡಿದು ಕೂತರೂ ಕಷ್ಟ. ಬೆಲ್ಜಿಯಂನಲ್ಲಿ 2010ರ ಜೂನ್ ಚುನಾವಣೆಯ ನಂತರ ಹೊಸ ಸರ್ಕಾರ ಬರಲು 541 ದಿನ ಹಿಡಿಯಿತು.

ನನಗೆ ಜಾಸ್ತಿ ಹಿಡಿಸಿದ್ದು ಜರ್ಮನಿಯ ಎಸ್‌ಪಿಡಿ (ಸೋಷಿಯಲ್ ಡೆಮಾಕ್ರಾಟಿಕ್) ಪಕ್ಷದ ದಾರಿ. 2018ರಲ್ಲಿ ಮೈತ್ರಿ ಒಪ್ಪಂದವನ್ನು ತನ್ನ ಸದಸ್ಯರ ಮುಂದಿಟ್ಟು ಮತ ಕೇಳಿತು. ಸುಮಾರು ಮೂರರಲ್ಲಿ ಎರಡು ಪಾಲು ಜನ ಒಪ್ಪಿದ ಮೇಲೆಯೇ ಸರ್ಕಾರ ಸೇರಿತು. ಖಾತೆ ಹಂಚಿಕೆ, ತೆರಿಗೆಯ ಪ್ರಮಾಣ, ಯಾವ ಕೆಲಸ ಮೊದಲು ಎಂಬುದರಲ್ಲೆಲ್ಲ ಬಗ್ಗಬಹುದು. ಸಹಿ ಹಾಕಿ ಕೊಟ್ಟ ಮಾತಿನಲ್ಲಿ ಬಗ್ಗಬಾರದು. ನೀವು ಮತ ಹಾಕಿದ ಪಕ್ಷ ಎರಡರಲ್ಲಿ ಯಾವುದನ್ನು ಬಿಟ್ಟುಕೊಟ್ಟಿದೆ ಎಂದು ನೋಡಿ.