ಬಿಳಿ ಕೋಲು ಹಿಡಿದವರು ಮೊಬೈಲ್ ಓದುವುದು ಹೇಗೆ?

ಬಿಳಿ ಕೋಲು ಹಿಡಿದು ಬಸ್ ಹತ್ತಿದವರೊಬ್ಬರು ಸೀಟಿನಲ್ಲಿ ಕುಳಿತೊಡನೆ ಮೊಬೈಲ್ ತೆಗೆದು ಓದತೊಡಗಿದರು, ಅವರು ನಿಜವಾಗಿಯೂ ಅಂಧರೇ ಎಂದು ಕೇಳಿದ್ದೀರಿ. ಅವರ ಪರಿಚಯ ನನಗಿಲ್ಲ. ಆದರೆ ನಾನೂ ಹಾಗೆಯೇ ಓದುವವನಾದ್ದರಿಂದ ನನ್ನ ವಿಷಯವನ್ನೇ ಹೇಳುತ್ತೇನೆ.

ನನಗಿರುವುದು ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಣ್ಣಿನ ಕಾಯಿಲೆ. ಇದರಲ್ಲಿ ಮಂದ ಬೆಳಕಿನಲ್ಲಿ ನೋಡಲು ನೆರವಾಗುವ ಅಕ್ಷಿಪಟಲದ ಕೋಶಗಳು ಮೊದಲು ನಶಿಸುತ್ತವೆ. ಹೀಗಾಗಿ ಚಿಕ್ಕಂದಿನಲ್ಲಿ ಇರುಳುಗುರುಡಾಗಿ ಶುರುವಾದದ್ದು ವರ್ಷಗಳು ಕಳೆದಂತೆ ಸುತ್ತಲಿನ ನೋಟವನ್ನೆಲ್ಲ ಕಸಿದುಕೊಂಡು ನಡುವೆ ಒಂದು ಕಿಂಡಿಯನ್ನಷ್ಟೇ ಉಳಿಸಿದೆ. ಒಂದು ಕಣ್ಣು ಮುಚ್ಚಿ, ಇನ್ನೊಂದಕ್ಕೆ ಕೊಳವೆಯಂತೆ ಸುತ್ತಿದ ಹಾಳೆಯನ್ನಿಟ್ಟು ನೋಡಿ: ಗೋಡೆಯ ಕ್ಯಾಲೆಂಡರಿನ ತಾರೀಖು ಓದಬಹುದು, ಕಾಲ ಬಳಿಯ ಸ್ಟೂಲು ಕಾಣುವುದಿಲ್ಲ. ನನಗೆ ಕೋಲು ಬೇಕಾಗುವುದು ಆ ಸ್ಟೂಲಿಗಾಗಿ, ಫುಟ್‌ಪಾತಿನಲ್ಲಿ ಕಿತ್ತುಹೋದ ಚಪ್ಪಡಿಗಾಗಿ.

ಅಂಧತ್ವವೆಂದರೆ ಸಂಪೂರ್ಣ ಕತ್ತಲೆ ಎಂಬುದೇ ಎಲ್ಲಕ್ಕಿಂತ ದೊಡ್ಡ ತಪ್ಪು ಕಲ್ಪನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ, ಕನ್ನಡಕ ಹಾಕಿಯೂ ಚೆನ್ನಾಗಿರುವ ಕಣ್ಣಿನ ದೃಷ್ಟಿ 3/60ಕ್ಕಿಂತ ಕಡಿಮೆಯಿದ್ದರೆ (ಅಂದರೆ, ಸಾಮಾನ್ಯ ಕಣ್ಣಿಗೆ 60 ಮೀಟರ್ ದೂರದಿಂದ ಕಾಣುವುದು 3 ಮೀಟರ್ ಹತ್ತಿರದಿಂದಲೂ ಕಾಣದಿದ್ದರೆ) ಅಥವಾ ದೃಷ್ಟಿಯ ವಿಸ್ತಾರ 10 ಡಿಗ್ರಿಗಿಂತ ಕಿರಿದಾಗಿದ್ದರೆ ಅದೂ ಅಂಧತ್ವವೇ. ಇನ್ನು ಏನೂ ಕಾಣದವರು ಸಹ ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್‌ನಂಥ ತಂತ್ರಾಂಶದಿಂದ ಮೊಬೈಲ್ ಬಳಸುತ್ತಾರೆ.

ಈ ಅನುಮಾನ ನಮಗೆ ದುಬಾರಿಯಾಗುತ್ತದೆ. ಒಮ್ಮೆ ಬಸ್ಸಿನಲ್ಲಿ ಹಿರಿಯರೊಬ್ಬರು, "ಚೆನ್ನಾಗೇ ಕಾಣ್ಸುತ್ತಲ್ರೀ, ಸೀಟಿಗೋಸ್ಕರ ನಾಟಕ ಆಡ್ತೀರಾ?" ಎಂದು ಎಲ್ಲರಿಗೂ ಕೇಳುವಂತೆ ಅಂದರು. ಆಮೇಲೆ ಎಷ್ಟೋ ದಿನ, ಮಡಿಚಿದ ಕೋಲನ್ನು ನಾನು ಬ್ಯಾಗಿನಿಂದ ಹೊರಗೇ ತೆಗೆಯಲಿಲ್ಲ. ಕೊನೆಗೆ ಒಂದು ಸಂಜೆ ತೆರೆದ ಚರಂಡಿಗೆ ಬಿದ್ದು ಮಂಡಿ ಒಡೆದುಕೊಂಡೆ.

ಇನ್ನೊಂದು ಪ್ರಶ್ನೆ, "ನೀವು ಹಾಡ್ತೀರಾ?" ಎಂಬುದು. ಗದಗದ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳನ್ನು ನೆನೆದು ಜನ ಪ್ರೀತಿಯಿಂದಲೇ ಹೀಗೆ ಕೇಳುತ್ತಾರೆ. ಆದರೆ ದೇವರು ಕಣ್ಣಿಗೆ ಬದಲಾಗಿ ಕಂಠ ಕೊಟ್ಟನೆಂದರೆ ಅವರ ದಶಕಗಳ ಸಾಧನೆಯನ್ನೇ ಮರೆತಂತಾಗುತ್ತದೆ. ನನಗಂತೂ ಶ್ರುತಿಜ್ಞಾನವಿಲ್ಲ.

ಸಹಾಯ ಮಾಡಬೇಕೆನಿಸಿದರೆ, ತೋಳು ಹಿಡಿದು ಎಳೆಯುವ ಬದಲು "ಸಹಾಯ ಬೇಕಾ?" ಎಂದು ಕೇಳಿ, ಬೇಕೆಂದರೆ ನಿಮ್ಮ ಮೊಣಕೈ ಕೊಡಿ. ನೀವು ಅರ್ಧ ಹೆಜ್ಜೆ ಮುಂದಿದ್ದರೆ, ಮೆಟ್ಟಿಲು ಬಂದದ್ದು ಆ ಮೊಣಕೈಯ ಏರಿಳಿತದಿಂದಲೇ ನನಗೆ ತಿಳಿಯುತ್ತದೆ.